ಅಕ್ಕನಿಗೆ ಊದಿದ ಸೀಸೆ

ನಮ್ಮ ಸೀದೋನಿನಲ್ಲಿ ಸತ್ತವರ ಕೈಯ ಪಕ್ಕ ಪರಿಮಳದ ಎಣ್ಣೆ ತುಂಬಿದ ಗಾಜಿನ ಸೀಸೆ ಇಟ್ಟೇ ಸಮಾಧಿ ಗುಹೆಯ ಬಾಯಿ ಮುಚ್ಚುತ್ತೇವೆ. ಬೇರೆಯವರು ಅದನ್ನು ಅಂಗಡಿಯಿಂದ ತರುತ್ತಾರೆ. ಗಾಜು ಊದುವವರ ಮನೆಯಲ್ಲಿ ಹಾಗಲ್ಲ. ಗಂಡನೋ ಮಗನೋ ತಾನೇ ಊದಿರಬೇಕು. ಒಂದು ಬಾಯಿ ಉಸಿರಾದರೂ ಜೊತೆಗೆ ಹೋಗಲಿ ಎಂದು.

ನನ್ನ ಭಾವ ಮತ್ತನ್, ನಾನು, ಇಬ್ಬರೂ ಬಂದರಿನ ಹಿಂದಿನ ಒಂದೇ ಕುಲುಮೆಯಲ್ಲಿ ದುಡಿದವರು. ಅವನಷ್ಟು ತೆಳ್ಳಗೆ ಊದುವವನು ಆ ಸಾಲಿನಲ್ಲೇ ಇರಲಿಲ್ಲ. ಊದಿ ಊದಿ ಕೆನ್ನೆ ಹಳೆಯ ತೊಗಲಿನ ಚೀಲದಂತೆ ಜೋತುಬಿದ್ದಿತ್ತು. ಊದಿದ್ದನ್ನು ಕುಲುಮೆಯ ಪಕ್ಕದ ಬೆಚ್ಚನೆಯ ಗೂಡಿಗೆ ಸೇರಿಸಿದ ಮೇಲೆ ಮಾರನೆಯ ದಿನದವರೆಗೆ ಯಾರೂ ಮುಟ್ಟುವಂತಿಲ್ಲ. ಅವಸರ ಮಾಡುವ ಗಿರಾಕಿಗೆ, "ನಿಮ್ಮಪ್ಪನ ಮದುವೆಗೇನ್ರೀ ಬೇಕು? ತಣೀಲಿ ಬಿಡಿ" ಎನ್ನುತ್ತಿದ್ದ. ಬಿಸಿಬಿಸಿ ತೆಗೆದ ಗಾಜು ಮೇಲೆ ಹೊಳೆಯುತ್ತಲೇ ಇರುತ್ತದೆ, ಒಳಗೊಳಗೇ ಬಿರಿಯುತ್ತಿರುತ್ತದೆ.

ಒಂದು ಬೇಸಗೆಯಲ್ಲಿ ನನ್ನ ಅಕ್ಕ ಅರಿಷತ್ ಹಾಸಿಗೆ ಹಿಡಿದಳು. ಇನ್ನು ಏಳುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಒಂದು ಸಂಜೆ ಅವರ ಮನೆಯ ಜಗಲಿಯಲ್ಲಿ ಅದನ್ನು ಬಾಯಿಬಿಟ್ಟು ಹೇಳಬೇಕಾದವನು ನಾನೇ ಆದೆ.

"ಭಾವಾ, ಅಕ್ಕನ ಸೀಸೆ ಈಗ್ಲೇ ಊದಿಟ್ಬಿಡು. ಆಮೇಲೆ ತಣಿಯೋಕೆ ಹೊತ್ತಿರಲ್ಲ."

ಅವನು ಗೋಡೆಗೆ ಒರಗಿಸಿದ್ದ ಊದುವ ಕೊಳವೆ ಎತ್ತಿಕೊಂಡು ನನ್ನ ಮೇಲೇ ಬಂದ. "ಬದುಕಿರೋಳಿಗೆ ಊದ್ಲೇನೋ? ನಿನ್ ಬಾಯಿಗೆ ಕೆಂಡ ಹಾಕ!"

"ಹಾಕು! ನಾಳೆ ನೀನೇ ತಲೆ ಚಚ್ಕೋತೀಯ!"

ಒಳಗಿನಿಂದ ಅಕ್ಕನೇ ಕೂಗಿದಳು: "ಇಬ್ರೂ ಸುಮ್ನಿರ್ರೋ, ಇನ್ನೂ ಉಸಿರಾಡ್ತಿದೀನಿ. ಊದೋದಾದ್ರೆ ಹೊಟ್ಟೆ ದಪ್ಪಗಿರೋದನ್ನೇ ಊದೋಕೆ ಹೇಳು. ಎಣ್ಣೇಲಿ ಜಿಪುಣತನ ಮಾಡ್ಬೇಡಿ."

ನಕ್ಕಳು. ಭಾವ ನಗಲಿಲ್ಲ. ಊದಲೂ ಇಲ್ಲ.

ಬೆಳಕು ಹರಿಯುವಾಗ ಅವಳು ಹೋದಳು. ಆ ಸೆಕೆಯಲ್ಲಿ ಸಂಜೆಯೊಳಗೆ ಗುಹೆ ಸೇರಿಸಲೇಬೇಕು. ಭಾವ ನೇರ ಕುಲುಮೆಗೆ ನಡೆದ. ಅವನ ಕೈಯಲ್ಲೂ ಅಂಥ ಸೀಸೆ ಮೊದಲು ಹುಟ್ಟಿರಲಿಲ್ಲ: ದುಂಡು ಹೊಟ್ಟೆ, ನೀಳ ಕತ್ತು, ಮುಂಜಾವಿನ ಸಮುದ್ರದ ಬಣ್ಣ. ಮಧ್ಯಾಹ್ನವೇ ಗೂಡಿಗೆ ಕೈಹಾಕಿದ.

"ಬೇಡ ಭಾವಾ. ಅಂಗಡಿದೊಂದು ತರ್ತೀನಿ."

"ಇನ್ಯಾವನದೋ ಉಸಿರು ಅವಳ ಪಕ್ಕ ಮಲಗ್ಬೇಕಾ?"

ಗುಹೆಯೊಳಗೆ ತಣ್ಣಗಿತ್ತು. ಅಕ್ಕನ ಕೈಯ ಬಳಿ ಸೀಸೆ ಇಟ್ಟು ಎಣ್ಣೆ ಹೊಯ್ಯುತ್ತಿದ್ದಂತೆ ಟಿಣ್ ಎಂದಿತು. ಎಣ್ಣೆ ಕಲ್ಲಿನ ಮೇಲೆ ಹರಿಯಿತು. ಭಾವ ಚೂರುಗಳನ್ನು ಬಾಚಿಕೊಂಡು, "ಹೋಯ್ತಲ್ಲೋ" ಎಂದ. ಹೇಳಿರಲಿಲ್ಲವೇ ಎಂದು ಬೈಯಲು ಬಾಯಿ ತೆರೆದೆ. ಬೈಯದೆ ಉಳಿದ ಚೂರು ಆರಿಸಲು ಬಗ್ಗಿದೆ.

ಆಮೇಲೆ ಅವನು ಕೊಳವೆ ಮುಟ್ಟಲಿಲ್ಲ. ಕುಲುಮೆಗೆ ಸೌದೆ ಒಟ್ಟುತ್ತಾ ಹೊಗೆ ಕುಡಿದ. ಕೆಲವು ಚಳಿಗಾಲ ಕಳೆಯುವಷ್ಟರಲ್ಲಿ ಎದೆ ಪೂರ್ತಿ ಕೆಟ್ಟಿತ್ತು. ಒಂದು ಬೆಳಿಗ್ಗೆ ಬಂದು ನನ್ನ ಮುಂದೆ ಕೈಚಾಚಿದ.

"ಕೊಳವೆ ಕೊಡೋ."

"ಯಾರಿಗೆ ಊದ್ತೀಯ?"

"ನಿಮ್ಮಕ್ಕಂಗೆ. ನನ್ನ ಮಲಗಿಸೋಕೆ ಹೆಂಗಿದ್ರೂ ಗುಹೆ ತೆಗೀತೀಯಲ್ಲ, ಆಗ ಇಡು."

"ಬೆಳಬೆಳಿಗ್ಗೆ ಎಂಥ ಮಾತಾಡ್ತೀಯ ನೀನು!" ಎಂದು ಕಿರುಚಿದೆ. ಕಿರುಚುತ್ತಲೇ ಕರಗಿದ ಗಾಜನ್ನು ಕೊಳವೆಯ ತುದಿಗೆ ಸುತ್ತಿ ಕೊಟ್ಟೆ.

ಊದಿದ. ಕೆಮ್ಮಿದ. ಮತ್ತೆ ಊದಿದ. ಗಾಜು ಹೆಬ್ಬೆರಳ ತುದಿಯಷ್ಟು ಉಬ್ಬಿ ನಿಂತಿತು.

"ಕೊಡು, ನಾನು ದೊಡ್ಡದು ಮಾಡ್ತೀನಿ."

"ಬಾಯಿ ಹಾಕಿದ್ರೆ ನೋಡು! ನನ್ನತ್ರ ಇರೋದೇ ಇಷ್ಟು."

ಇಕ್ಕಳದಲ್ಲಿ ಕತ್ತು ಮಾತ್ರ ನಾನು ಎಳೆದೆ. ಗೂಡಿನಲ್ಲಿ ಅದನ್ನು ದಿನಗಟ್ಟಲೆ ಬಿಟ್ಟೆವು. ಗೂಡು ಖಾಲಿ ಮಾಡಿ ಎಂದ ಕುಲುಮೆಯ ಮಾಲೀಕನಿಗೆ ನಾನು ಹೇಳಿದ್ದನ್ನು ಇಲ್ಲಿ ಬರೆಯಲಾಗದು.

ದ್ರಾಕ್ಷಿ ಹಣ್ಣಾಗುವ ಮೊದಲೇ ಭಾವ ಹೋದ. ಗುಹೆ ತೆಗೆದು, ಮಕ್ಕಳಿಲ್ಲದ ಅವನಿಗೆ ನಾನೇ ಊದಿದ ಸೀಸೆ ಕೊಟ್ಟು, ಅಕ್ಕನ ಪಕ್ಕ ಮಲಗಿಸಿದೆವು. ಅವಳ ಕೈ ಇದ್ದ ಜಾಗದಲ್ಲಿ ಅವನು ಊದಿದ ಪುಟ್ಟ ಸೀಸೆ ಇಟ್ಟು ಎಣ್ಣೆ ಬಿಟ್ಟೆ. ಒಂದೆರಡು ಹನಿಗೇ ತುಂಬಿತು. ಟಿಣ್ ಎನ್ನುತ್ತದೇನೋ ಎಂದು ಅಲ್ಲೇ ಕೂತು ಕಿವಿಗೊಟ್ಟೆ.

"ಬೇಗ ಬಾರೋ, ಕಲ್ಲು ಮುಚ್ಬೇಕು!" ಎಂದು ಹೊರಗಿನವರು ಕೂಗಿದರು.

"ಸುಮ್ನಿರ್ರೋ!" ಎಂದು ಗದರಿದೆ.

ಒಳಗೆ ಯಾವ ಸದ್ದೂ ಆಗಲಿಲ್ಲ.