ನೆಟ್ಟಗೆ ಬಂದ ಹೊಲಿಗೆ

ಟೈಲರಕ್ಕನಿಗೆ ಅವಳ ತಾಯಿ ಬಿಟ್ಟುಹೋದದ್ದು ಎರಡೇ: ಒಂದು, ಕಾಲಿನಲ್ಲಿ ತುಳಿಯುವ ಹೊಲಿಗೆ ಯಂತ್ರ; ಇನ್ನೊಂದು, ಅಂಗಿಯ ಗುಂಡಿ ಹಾಕಿಕೊಳ್ಳಲೂ ಬಾರದ ತಮ್ಮ. "ಎರಡಕ್ಕೂ ಎಣ್ಣೆ ಹಾಕಿಯೇ ಸಾಕಿದೆ. ಒಂದಕ್ಕೆ ಚಕ್ರಕ್ಕೆ, ಇನ್ನೊಂದಕ್ಕೆ ತಲೆಗೆ" ಎಂದು ಅವಳು ಗಿರಾಕಿಗಳ ಹತ್ತಿರ ಹೇಳಿ ನಗುತ್ತಿದ್ದಳು. ಮದುವೆಯ ಮಾತು ಬಂದಾಗಲೆಲ್ಲ ಯಾವುದೋ ಶಾಲೆಯ ಯೂನಿಫಾರಂ ಬಾಕಿ ಇರುತ್ತಿತ್ತು. ಕೊನೆಗೆ ಮಾತು ಬರುವುದೇ ನಿಂತಿತು, ಯೂನಿಫಾರಂ ಮಾತ್ರ ನಿಲ್ಲಲಿಲ್ಲ.

ಅವಳದು ಎರಡು ಕೋಣೆಯ ಅಂಗಡಿ. ಮುಂದಿನ ಕೋಣೆಯಲ್ಲಿ ಬಟ್ಟೆ ಕತ್ತರಿಸುವ ಮೇಜು, ಇಸ್ತ್ರಿ, ಗೋಡೆಗೆ ತೂಗುಹಾಕಿದ ಅರ್ಧ ಹೊಲಿದ ಅಂಗಿಗಳು. ಹಿಂದಿನ ಕೋಣೆಯಲ್ಲಿ ಒಂದು ಮಂಚ, ಒಂದು ಸ್ಟೌ ಮತ್ತು ಮೊಣಕಾಲಿನವರೆಗೆ ಬರುವ ತುಂಡು ಬಟ್ಟೆಯ ರಾಶಿ. ಆ ರಾಶಿಯ ಮೇಲೆ ಕೂತು ತಮ್ಮ ಮತ್ತು ಅವನ ಗೆಳೆಯ ಹಾಡು ಕಟ್ಟುತ್ತಿದ್ದರು. ಗೆಳೆಯ ನಿಂತಲ್ಲಿ ನಿಲ್ಲುವವನಲ್ಲ, ಅವನಿಗೆ ಬುಗುರಿ ಎಂದು ಹೆಸರು. ಮಾತಿಲ್ಲದೆ ಕಣ್ಣು ಬಿಟ್ಟುಕೊಂಡು ಕೂರುವ ತಮ್ಮನಿಗೆ ಬುಗುರಿ ಇಟ್ಟ ಹೆಸರು ಗೂಬೆ. ಮುಂದೆ ಇವರ ರಾಕ್ ಬ್ಯಾಂಡ್ ದೊಡ್ಡ ಹೆಸರು ಮಾಡಿದಾಗ ಈ ಎರಡು ಅಡ್ಡಹೆಸರುಗಳೂ ಊರೂರಿಗೆ ಗೊತ್ತಾದವು.

ಬುಗುರಿ ರಾಗ ಹುಡುಕುತ್ತಿರಲಿಲ್ಲ. ಅವನಿಗೆ ಅದು ಸೀನು ಬಂದ ಹಾಗೆ ಬರುತ್ತಿತ್ತು. ಆದರೆ ಎಲ್ಲಿ ಮುಗಿಸಬೇಕೆಂದು ಅವನಿಗೆ ತಿಳಿಯುತ್ತಿರಲಿಲ್ಲ. ತಮ್ಮ ಕಿವಿಗೊಟ್ಟು ಕೇಳಿ, "ಇಲ್ಲಿ ಏರಬೇಡ, ಇಲ್ಲಿಂದ ಇಳಿ, ಇಲ್ಲಿ ಸುಮ್ಮನಿರು" ಎನ್ನುತ್ತಿದ್ದ. ಆಮೇಲೆ ರಾಗಕ್ಕೆ ಮಾತು ಹಾಕುತ್ತಿದ್ದ. ಇಬ್ಬರೂ ಒಪ್ಪದಿದ್ದಾಗ ಜಗಳ. ಜಗಳ ತೀರಿಸಲು ಅವರು ಕಂಡುಕೊಂಡ ಉಪಾಯ ವಿಚಿತ್ರವಾಗಿತ್ತು. ಬಾಗಿಲ ಸಂದಿಯಿಂದ ಅಕ್ಕನ ಪಾದಗಳನ್ನು ನೋಡುವುದು. ಹಾಡು ಚೆನ್ನಾಗಿದ್ದರೆ ಅವಳಿಗೆ ತಿಳಿಯದೆಯೇ ಪೆಡಲಿನ ಮೇಲಿನ ಕಾಲು ಹಾಡಿನ ಲಯಕ್ಕೆ ಹೊರಳುತ್ತಿತ್ತು, ಸೂಜಿಯ ಓಟ ತಪ್ಪಿ ಹೊಲಿಗೆ ಅಂಕುಡೊಂಕಾಗುತ್ತಿತ್ತು.

"ಥೂ, ನಿಮ್ಮ ಮನೆ ಹಾಳಾಗ! ಮತ್ತೆ ಬಿಚ್ಚಬೇಕು ನಾನು!" ಎಂದು ಅವಳು ಕೂಗುತ್ತಿದ್ದಳು.

"ನಮ್ಮ ಮನೇನೂ ಇದೇ ಅಲ್ವೇನಕ್ಕ?" ಎಂದು ಬುಗುರಿ ಒಳಗಿನಿಂದ ಕಿಸಿಯುತ್ತಿದ್ದ. "ಏ ಗೂಬೆ, ಬರ್ಕೋ. ಇದು ಉಳೀತು."

ಅವಳ ಹೊಲಿಗೆ ನೆಟ್ಟಗೆ ಬಂದರೆ ಆ ಹಾಡನ್ನು ಎಸೆದುಬಿಡುತ್ತಿದ್ದರು. ಬ್ಯಾಂಡಿಗೆ ಹೆಸರು ಬಂದ ಮೇಲೆ ಬುಗುರಿಯೇ ಒಂದು ದಿನ ಈ ಗುಟ್ಟನ್ನು ಅವಳಿಗೆ ಹೇಳಿದ. ಅವಳು ಟೇಪಿನಿಂದ ಅವನಿಗೆ ಎರಡು ಬಾರಿಸಿದಳು.

ಇಬ್ಬರೂ ಬೇರೆಯಾದದ್ದಕ್ಕೆ ದೊಡ್ಡ ಕಾರಣವೇನೂ ಇರಲಿಲ್ಲ. ಎಲ್ಲ ಹಾಡಿಗೂ ಇಬ್ಬರ ಹೆಸರು ಎಂದು ಮೊದಲೇ ಮಾತಾಗಿತ್ತು. ಆದರೆ ಹೋದ ಕಡೆಯೆಲ್ಲ ಜನರಿಗೆ ಒಂದೇ ಪ್ರಶ್ನೆ: ನಿಜವಾಗಿ ಬರೆದವರು ಯಾರು? ಕೇಳಿ ಕೇಳಿ ಅವರೇ ಒಬ್ಬರನ್ನೊಬ್ಬರು ಕೇಳಿಕೊಳ್ಳತೊಡಗಿದರು. ಕಲ್ಲು ಹಾಕಿದವರು ಹೊರಗಿನವರು, ಒಡೆದದ್ದು ಒಳಗಿನ ಮಡಕೆ.

ಒಬ್ಬ ಪತ್ರಕರ್ತ ಅಂಗಡಿಗೂ ಬಂದಿದ್ದ. "ಅಕ್ಕಾ, ನೀವು ಇಬ್ಬರನ್ನೂ ಹತ್ತಿರದಿಂದ ನೋಡಿದೋರು. ಪ್ರತಿಭೆ ಯಾರಲ್ಲಿ ಹೆಚ್ಚು?"

"ಪ್ಯಾಂಟಿಗೆ ಎಡಗಾಲು ಹೆಚ್ಚೋ ಬಲಗಾಲು ಹೆಚ್ಚೋ, ಅದನ್ನ ನೀವು ಹೇಳಿ. ಆಮೇಲೆ ನಾನು ಹೇಳ್ತೀನಿ."

ಅಕ್ಕನಿಗೂ ಉತ್ತರ ಗೊತ್ತಿಲ್ಲ ಎಂದು ಪತ್ರಿಕೆಯಲ್ಲಿ ಅಚ್ಚಾಯಿತು.

ಬೇರೆಯಾದ ಮೇಲೆ ಬುಗುರಿಯ ಹಾಡುಗಳು ಸಿಹಿಯಾಗಿದ್ದವು, ಎಲ್ಲ ಕಡೆ ಕೇಳಿಸುತ್ತಿದ್ದವು, ಮುಗಿದ ಕೂಡಲೇ ಮರೆತುಹೋಗುತ್ತಿದ್ದವು. ತಮ್ಮನ ಹಾಡುಗಳಲ್ಲಿ ಮಾತು ಗಟ್ಟಿಯಾಗಿತ್ತು, ಆದರೆ ಯಾರಿಗೂ ಗುನುಗಲು ಆಗುತ್ತಿರಲಿಲ್ಲ. ಹೋದ ವರ್ಷ ಬುಗುರಿ ಸತ್ತ. ರೇಡಿಯೋದಲ್ಲಿ ದಿನವಿಡೀ ಅವನೇ. ಸತ್ತವನನ್ನು ಹೊಗಳಲು ಬದುಕಿದ್ದವನೊಬ್ಬ ಬೇಕಿದ್ದ, ತಕ್ಕಡಿಯ ಇನ್ನೊಂದು ತಟ್ಟೆಗೆ. ತಮ್ಮನನ್ನು ಅಲ್ಲಿ ಕೂರಿಸಿ ಹಗುರವೆಂದರು.

ಅದಾದ ಮೇಲೆ ತಮ್ಮ ಒಂದು ಚೀಲ, ಒಂದು ಗಿಟಾರ್ ಹಿಡಿದುಕೊಂಡು ಅಂಗಡಿಯ ಮೆಟ್ಟಿಲ ಮೇಲೆ ನಿಂತಿದ್ದ. ಅವನ ಹೆಂಡತಿ ಬಿಟ್ಟುಹೋಗಿ ಬಹಳ ಕಾಲವಾಗಿತ್ತು. ಕೈ ನಡುಗುತ್ತಿತ್ತು. "ಎರಡು ದಿನ ಇದ್ದು ಹೋಗ್ತೀನಿ ಅಕ್ಕ" ಎಂದ. ಅವಳು ಹಿಂದಿನ ಕೋಣೆಯ ಮಂಚದ ಮೇಲಿದ್ದ ಬಟ್ಟೆ ತೆಗೆದಳು. ಎರಡು ದಿನದ ಮಾತು ಮತ್ತೆ ಯಾರೂ ಎತ್ತಲಿಲ್ಲ.

ಎದುರಿಗೆ ಕ್ಷೌರದಂಗಡಿ. ಒಂದು ಬೆಳಿಗ್ಗೆ ತಮ್ಮ ಮುಖಕ್ಕೆ ಸೋಪು ಹಚ್ಚಿಸಿಕೊಂಡು ಕೂತಿದ್ದಾಗ ಪಕ್ಕದ ಕುರ್ಚಿಯ ಗಿರಾಕಿ, ಇವನು ಯಾರೆಂದು ತಿಳಿಯದೆ, ರೇಡಿಯೋ ಕಡೆ ಬೆರಳು ತೋರಿಸಿ ಹೇಳಿದ: "ಬುಗುರಿ ಒಬ್ಬನೇ ಕಣಪ್ಪ. ಆ ಗೂಬೆ ಬರೀ ಜೊತೆಗಿದ್ದ. ಎತ್ತಿನ ಗಾಡಿ ಕೆಳಗೆ ನಾಯಿ ನಡ್ಕೊಂಡು ಹೋದ್ರೆ ನಾಯೀನೇ ಗಾಡಿ ಎಳೀತು ಅನ್ನೋಕಾಗುತ್ತಾ?"

ಕ್ಷೌರಿಕ ಕಣ್ಣುಸನ್ನೆ ಮಾಡಿದ. ಗಿರಾಕಿಗೆ ಅರ್ಥವಾಗಲಿಲ್ಲ. ತಮ್ಮ ಸೋಪಿನ ಮುಖದಲ್ಲೇ ನಕ್ಕು, "ನಾಯಿ ಬೊಗಳೋದಾದ್ರೂ ಬೊಗಳುತ್ತೆ ಸ್ವಾಮಿ" ಎಂದ. ಅರ್ಧ ಕ್ಷೌರಕ್ಕೇ ಎದ್ದು ಬಂದ.

ಬಂದವನೇ ಮೂಲೆಯಲ್ಲಿದ್ದ ಹಳೆಯ ಯಂತ್ರದ ಹೊದಿಕೆ ಎಳೆದ. ಅಕ್ಕ ಮೋಟಾರಿನ ಯಂತ್ರ ಕೊಂಡು ವರ್ಷಗಳಾಗಿದ್ದವು.

"ಇದು ನಡೆಯುತ್ತಾ ಅಕ್ಕ?"

"ಕರೆಂಟು ಹೋದಾಗ ತುಳೀತೀನಿ. ಯಾಕೋ? ಮುಖ ಒರೆಸ್ಕೋ ಮೊದಲು, ಒಂದು ಕಡೆ ಗಡ್ಡ ಹಾಗೇ ಇದೆ."

"ಹೊಸದೊಂದು ಹಾಡಿದೆ. ಅವನು ಸತ್ತಮೇಲೆ ಕಟ್ಟಿದ್ದು. ರಾಗ ನಂದೇ, ಮಾತೂ ನಂದೇ. ನೀನು ಹೊಲಿ, ನಾನು ಹಾಡ್ತೀನಿ. ಅಷ್ಟೇ. ನಿನ್ನ ಕಾಲು ಸುಳ್ಳು ಹೇಳಲ್ಲ. ಇದೂ ಬರದಿದ್ರೆ ಆ ಗಿರಾಕಿ ಹೇಳಿದ್ದೇ ಸರಿ."

ಅವಳು ಚಕ್ರಕ್ಕೆ ಎಣ್ಣೆ ಬಿಟ್ಟಳು, ಬೆಲ್ಟು ಬಿಗಿದಳು, ಒಂದು ದಿಂಬಿನ ಚೀಲ ಹೊಲಿಯಲು ತೆಗೆದುಕೊಂಡಳು. ತಮ್ಮ ಹಿಂದಿನ ಕೋಣೆಗೆ ಹೋಗಿ ತುಂಡು ಬಟ್ಟೆಯ ಮೇಲೆ ಕೂತ. ಬಾಗಿಲು ಅಂದಿನ ಹಾಗೆಯೇ ಓರೆಯಾಗಿತ್ತು.

ಅವನು ಹಾಡಿದ. ದನಿ ಒಡೆದಿತ್ತು, ಅದೇನೂ ದೊಡ್ಡ ಮಾತಲ್ಲ. ಮಾತುಗಳು ಒಂದೊಂದೂ ಎದೆಗೆ ತಾಕುವಂತಿದ್ದವು. ಆದರೆ ರಾಗ ಎಲ್ಲಿಗೂ ಹೋಗುತ್ತಿರಲಿಲ್ಲ. ಎದ್ದು ನಿಂತವನು ಚಪ್ಪಲಿ ಸಿಗದೆ ಮತ್ತೆ ಕೂತಂತೆ, ಪ್ರತಿ ಸಾಲೂ ಹೊರಡುವ ಮೊದಲೇ ಕೂತುಬಿಡುತ್ತಿತ್ತು. ಅಕ್ಕ ತನ್ನ ಕಾಲಿಗಾಗಿ ಕಾದಳು. ಕಾಲು ತನ್ನ ಪಾಡಿಗೆ ತಾನು ತುಳಿಯುತ್ತಿತ್ತು. ಬಾಗಿಲ ಸಂದಿಯಲ್ಲಿ ಎರಡು ಕಣ್ಣುಗಳು ಅವಳಿಗೆ ಕಂಡವು.

ಆಗ ಅವಳು ಬೇಕೆಂದೇ ಕಾಲನ್ನು ಹಾಡಿಗೆ ತಿರುಗಿಸಿದಳು. ತಾಳ ಎಣಿಸಿ, ತಪ್ಪದಂತೆ ತುಳಿದಳು. ಹಾಡು ಮುಗಿದಾಗ, "ನಿಮ್ಮ ಮನೆ ಹಾಳಾಗ!" ಎಂದು ಕೂಗಲೂ ಮರೆಯಲಿಲ್ಲ.

ತಮ್ಮ ಬಾಗಿಲು ನೂಕಿಕೊಂಡು ಬಂದ. ಮುಖ ಹುಡುಗನದಾಗಿತ್ತು. "ನೋಡ್ದೆ ಅಕ್ಕ! ನಾನೇ ನೋಡ್ದೆ! ಎಲ್ಲಿ, ಕೊಡಿಲ್ಲಿ, ಎಷ್ಟು ಹಾಳಾಗಿದೆ ನೋಡೋಣ." ಅವಳು ಮಡಚುವ ಮೊದಲೇ ದಿಂಬಿನ ಚೀಲ ಅವನ ಕೈಗೆ ಹೋಗಿತ್ತು. ಹೆಬ್ಬೆರಳನ್ನು ಅವನು ಹೊಲಿಗೆಯ ಮೇಲೆ ಈ ತುದಿಯಿಂದ ಆ ತುದಿಗೆ ಎಳೆದ. ಮತ್ತೊಮ್ಮೆ ಎಳೆದ. ಹೊಲಿಗೆ ನೂಲು ಹಿಡಿದಂತೆ ನೆಟ್ಟಗಿತ್ತು. ಕಾಲಿಗೆ ಅವಳು ಸುಳ್ಳು ಕಲಿಸಿದ್ದಳು, ಕೈಗೆ ಕಲಿಸುವುದನ್ನು ಮರೆತಿದ್ದಳು.

"ಹೊಲಿಗೆ ಚೆನ್ನಾಗಿ ಬಂದಿದೆ" ಎಂದ.

"ವಯಸ್ಸಾಯ್ತು ಕಣೋ. ಈಗ ಕೈ ಪಳಗಿದೆ, ಯಾವ ಹಾಡಿಗೂ ತಪ್ಪಲ್ಲ."

"ಅಕ್ಕ."

ಅವಳು ತಲೆ ತಗ್ಗಿಸಿದಳು. ಬಳಿಕ, ಇನ್ನು ಮುಚ್ಚಿಟ್ಟು ಫಲವಿಲ್ಲವೆಂದು, ಇಷ್ಟು ವರ್ಷ ಹೇಳದಿದ್ದ ನಿಜವನ್ನು ಹೇಳಿದಳು. "ನೀವು ಬೇರೆಯಾದ ಮೇಲೆ ಒಂದು ಸಲ ಬುಗುರಿ ಬಂದಿದ್ದ. ಇಲ್ಲೇ ಕೂತು ತನ್ನ ಹೊಸ ಹಾಡು ಹಾಡಿದ. ಅವತ್ತೂ ನನ್ನ ಹೊಲಿಗೆ ನೆಟ್ಟಗೇ ಬಂತು. ನೋಡಿದ, ಟೀ ಕುಡಿದ, 'ಗೂಬೆಗೆ ಹೇಳಬೇಡಕ್ಕ' ಅಂದ, ಹೋದ. ಅವನೊಬ್ಬನಿಂದಲೂ ಆಗಲಿಲ್ಲ ಕಣೋ. ಇಬ್ಬರೂ ಇದ್ದರೇನೇ ಆಗ್ತಿದ್ದದ್ದು. ನನ್ನಾಣೆ."

ತಮ್ಮ ದಿಂಬಿನ ಚೀಲವನ್ನು ಅಚ್ಚುಕಟ್ಟಾಗಿ ಮಡಚಿ ಮೇಜಿನ ಮೇಲಿಟ್ಟ. "ಈಗ ತಾನೇ ಕಾಲಲ್ಲಿ ಸುಳ್ಳು ಹೇಳಿದೆ. ಈಗ ಬಾಯಲ್ಲಿ ಹೇಳ್ತಿದ್ದೀಯ. ಬಿಡು ಅಕ್ಕ, ನೀನಾದ್ರೂ ಏನು ಮಾಡ್ತೀಯ, ತಮ್ಮ ಅಲ್ವಾ ನಾನು."

ಅವಳು ಮತ್ತೆ ಮತ್ತೆ ಆಣೆಯಿಟ್ಟಳು. ಆಣೆ ಹೆಚ್ಚಿದಷ್ಟೂ ನಂಬಿಕೆ ಕಡಿಮೆಯಾಯಿತು. ಅದೇ ವಾರ ಅವನು ಗಿಟಾರನ್ನು ಮಂಚದಡಿ ತಳ್ಳಿದ, ಅದರ ಮುಂದೆ ಲೈನಿಂಗ್ ಬಟ್ಟೆಯ ಗಂಟುಗಳನ್ನು ಇಟ್ಟ. "ಸುಮ್ಮನೆ ಕೂತು ತಿನ್ನೋಕಾಗಲ್ಲ, ಏನಾದ್ರೂ ಕೆಲಸ ಕೊಡು" ಎಂದ. ನಡುಗುವ ಕೈಗೆ ಸೂಜಿಯಲ್ಲಿ ದಾರ ಪೋಣಿಸಲಾಗದು, ಗುಂಡಿ ಹಚ್ಚಲಾಗದು. ತಪ್ಪಾದ ಹೊಲಿಗೆ ಬಿಚ್ಚುವ ಕೆಲಸವಾದರೆ ಮಾಡಬಹುದಿತ್ತು. ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂತು ಅದನ್ನೇ ಮಾಡತೊಡಗಿದ. ಹಾಡಿನ ಮಾತು ಬಂದರೆ ಎದ್ದು ಒಳಗೆ ಹೋಗುತ್ತಿದ್ದ.

ಒಂದು ಮಧ್ಯಾಹ್ನ ಕರೆಂಟು ಇರಲಿಲ್ಲ. ಅಕ್ಕ ಹಳೆಯ ಯಂತ್ರದಲ್ಲಿ ಪರದೆಯ ಅಂಚು ಹೊಲಿಯುತ್ತಿದ್ದಳು. ಕ್ಷೌರದಂಗಡಿಯ ಸೆಲ್ಲಿನ ರೇಡಿಯೋದಲ್ಲಿ ಇಬ್ಬರೂ ಸೇರಿ ಕಟ್ಟಿದ ಮೊದಲ ಹಾಡು ಶುರುವಾಯಿತು. ಮಧ್ಯದಲ್ಲಿ, ಏರಬೇಕಾದಲ್ಲಿ ಏರದೆ ತಟ್ಟನೆ ಇಳಿಯುವ ಜಾಗ ಬಂದಾಗ ಅವಳ ಕಾಲು ಹೊರಳಿತು, ಬಟ್ಟೆ ಜಾರಿತು, ಸೂಜಿ ಅಂಚು ಬಿಟ್ಟು ಅಡ್ಡಾದಿಡ್ಡಿ ಓಡಿತು.

ಅವಳು ಕಾಲು ನಿಲ್ಲಿಸಿ ಕೂಗಿದಳು: "ನೋಡೋ! ನೋಡಿಲ್ಲಿ! ಇಲ್ಲಿ ಇಳಿ ಅಂದಿದ್ದು ನೀನೇ ಅಲ್ವೇನೋ? ಆ ಇಳಿತ ನಿಂದು ಕಣೋ!"

ತಮ್ಮ ಸ್ಟೂಲಿನಿಂದ ಎದ್ದು ಬಂದು ಪರದೆಯನ್ನು ಎತ್ತಿಕೊಂಡ. ವಕ್ರವಾದ ಹೊಲಿಗೆಯನ್ನು ಹೆಬ್ಬೆರಳಿನಿಂದ ಸವರಿ ನೋಡಿದ.

"ರಾಗ ಅವನದು ಅಕ್ಕ" ಎಂದ. ಮತ್ತೆ ಬಾಗಿಲ ಬೆಳಕಿಗೆ ಹೋಗಿ ಕೂತು, ಬ್ಲೇಡು ತೆಗೆದುಕೊಂಡು, ಒಂದೊಂದೇ ದಾರ ಕತ್ತರಿಸಿ ಬಿಚ್ಚತೊಡಗಿದ. ರೇಡಿಯೋ ಹಾಡುತ್ತಲೇ ಇತ್ತು. ಅಕ್ಕ ಕಾಲನ್ನು ಪೆಡಲಿನಿಂದ ಕೆಳಗಿಳಿಸಿ, ಅವನು ಬಿಚ್ಚಿ ಮುಗಿಸುವವರೆಗೆ ಕಾಯುತ್ತ ಕೂತಳು.