ಲವ್ವಿಗೆ ಅಳತೆ ತೆಗೆದ ಹೇಮಪ್ಪ

ಬ್ಯಾಡಗಿಯಲ್ಲಿ ನನ್ನ ಪುಸ್ತಕದ ಅಂಗಡಿಯ ಮಗ್ಗುಲಿಗೆ ಹೇಮಪ್ಪನ ಹೊಲಿಗೆ ಅಂಗಡಿ. ಅಲ್ಲಿಗೆ ಹೆಂಗಸರು ಎರಡು ಕೆಲಸಕ್ಕೆ ಬರುತ್ತಿದ್ದರು: ಒಂದು ಜಂಪರ್, ಇನ್ನೊಂದು ಒಡಪು. ಜಂಪರ್ ಹೇಳಿದ ದಿನಕ್ಕೆ ಸಿಕ್ಕಿದ್ದನ್ನು ನಾನು ಕಂಡಿಲ್ಲ. ಒಡಪು ಮಾತ್ರ ಎಂದೂ ತಡವಾದದ್ದಿಲ್ಲ.

ನಮ್ಮ ಕಡೆ ಹೆಂಡತಿ ಗಂಡನ ಹೆಸರನ್ನು ಬರಿದೇ ಹೇಳುವಂತಿಲ್ಲ. ಹೊಸ ಸೊಸೆ ಹೊಸ್ತಿಲು ದಾಟುವಾಗ ಗಂಡನ ಅಕ್ಕತಂಗಿಯರು ಬಾಗಿಲಿಗೆ ಅಡ್ಡ ನಿಂತು ಹೆಸರು ಕೇಳುತ್ತಾರೆ. ಅವಳು ಪ್ರಾಸವಿರುವ ಎರಡು ಸಾಲಿನಲ್ಲಿ ಆ ಹೆಸರನ್ನು ಸೇರಿಸಿ ಹೇಳಬೇಕು. ಅದೇ ಒಡಪು. ಚೆಂದ ಹೇಳಿದವಳನ್ನು ನಾಲ್ಕು ದಿನ ಹೊಗಳುತ್ತಾರೆ. ಕೆಡಿಸಿದವಳನ್ನು ಯಾರೂ ಮರೆಯುವುದಿಲ್ಲ. ಅಗಡಿ ಊರಿನ ಒಬ್ಬಾಕೆ ಗಾಬರಿಯಲ್ಲಿ ಗಂಡನ ಹೆಸರಿಗೆ ಬದನೆಕಾಯಿ ಜೋಡಿಸಿಬಿಟ್ಟು, ಮೊಮ್ಮಕ್ಕಳು ಬಂದರೂ ‘ಬದನಿಕಾಯಿ’ಯಾಗಿಯೇ ಉಳಿದಳು.

ಇಂಥ ಅಪಘಾತಗಳಿಂದ ತಾಲ್ಲೂಕನ್ನು ಕಾಪಾಡುತ್ತಿರುವವನು ತಾನೇ ಎಂದು ಹೇಮಪ್ಪನ ನಂಬಿಕೆ. ಅಳತೆಯ ಟೇಪನ್ನು ಸನ್ಮಾನದ ಶಾಲಿನಂತೆ ಹೊದ್ದಿರುತ್ತಿದ್ದ. ಪ್ರಾಸ ಪೂರ್ತಿ ಕೂಡಿದರೆ ‘ಫಿಟಿಂಗ್’, ಅರೆಬರೆ ಕೂಡಿದರೆ ‘ಲೂಜ್’. ಲೂಜ್ ಒಡಪು ತನ್ನ ಅಂಗಡಿಯಿಂದ ಹೊರಬಿದ್ದಿಲ್ಲ ಎಂದು ಚಹದಂಗಡಿಯಲ್ಲಿ ಹೇಳುತ್ತಿದ್ದ. ಕೇಳದವರನ್ನೂ ಕರೆದು ಹೇಳುತ್ತಿದ್ದ.

ಎಂಬತ್ತೊಂಬತ್ತರ ಬೇಸಿಗೆಯಲ್ಲಿ ಮಂಗಳವ್ವ ಮಗಳು ಚೌಡವ್ವನನ್ನು ಕರೆದುಕೊಂಡು ಬಂದಳು. ಹುಡುಗಿಯ ಮುಖ ಸಣ್ಣದಾಗಿತ್ತು. ವರ ರಾಣೆಬೆನ್ನೂರಿನ ಮಾಲತೇಶಪ್ಪ. ಅವನ ಅಕ್ಕ ಗದಿಗೆವ್ವ ನಿಶ್ಚಯದ ದಿನವೇ ಎಲ್ಲರೆದುರು ಹೇಳಿಬಿಟ್ಟಿದ್ದಳಂತೆ: “ನಮ್ಮ ತಮ್ಮ ಬಿ.ಎ. ಓದ್ಯಾನ. ಒಡಪಿನ್ಯಾಗ ಲವ್ ಅನ್ನೂದು ಬರಬೇಕು. ಇಲ್ಲಂದ್ರ ಬಾಗಲಾ ಬಿಡಂಗಿಲ್ಲ.” ಚೌಡವ್ವ ಹತ್ತನೆಯ ತರಗತಿಯಲ್ಲಿ ಇಂಗ್ಲಿಷಿನಲ್ಲೇ ನಪಾಸಾದವಳು. ಅದು ಬೀಗರಿಗೂ ಗೊತ್ತಿತ್ತು.

“ಜಲ್ಮಾ ಪೂರಾ ಆಡ್ಕೋತಾರ ಕಾಕಾ,” ಎಂದಳು ಹುಡುಗಿ.

“ನಾ ಇರತನಕಾ?” ಎಂದ ಹೇಮಪ್ಪ. ಎಂದವನು ನೆಟ್ಟಗೆ ನನ್ನ ಅಂಗಡಿಗೆ ಬಂದ. “ಸಾವ್ಕಾರ್ರ, ಲವ್ವಿಗೆ ಜೋಡಿ ಕೊಡ್ರಿ.”

ನಾನು ನಿಘಂಟು ಇಳಿಸಿದೆ. ಮಾರುವವನು ಓದಿರಬೇಕೆಂಬ ನಿಯಮವಿಲ್ಲವಾದರೂ ಗಂಭೀರವಾಗಿ ಹಾಳೆ ತಿರುವಿದೆ.

“ಗ್ಲವ್.”

“ಅಂದ್ರ?”

“ಕೈಗೆ ಹಾಕ್ಕೊಳ್ಳೊ ಚೀಲ.”

“ಅದನ್ನ ನಾ ಒಂದೂ ಹೊಲದಿಲ್ಲ. ಮುಂದ?”

“ಡವ್. ಪಾರಿವಾಳದ ಜಾತಿ.”

“ಬೀಗರೇನು ಹಕ್ಕಿ ಹಿಡಿಯಾವ್ರೇನ್ರಿ?”

ಬರೆಯುವಾಗ ಕೊನೆಗೆ ಅದೇ ಅಕ್ಷರಗಳಿದ್ದೂ ‘ಮೂವ್’ ಎಂದು ನುಡಿಯುವ ಮಾತು ತೋರಿಸಿದೆ. ಹೇಮಪ್ಪ ಬಹಳ ಹೊತ್ತು ಅದನ್ನೇ ನೋಡಿದ. “ಒಂದ ತಾನಿನ ಅರಬಿ, ಒಂದ ಅಳತಿ. ಹೊಲಿದ ಮ್ಯಾಲೆ ಒಂದು ಅಂಗಿ, ಒಂದು ಚೊಣ್ಣ! ಇಂಗ್ಲಿಷಿಗೆ ಕಟಿಂಗ್ ಬರಂಗಿಲ್ಲ ಬಿಡ್ರಿ.”

ನನ್ನ ಅಂಗಡಿಯ ಕಟ್ಟೆಗೆ ತಾಯಿಯೊಂದಿಗೆ ಬಂದು ಕೂತಿದ್ದ ಚೌಡವ್ವ ಮೆಲ್ಲಗೆ ಕೇಳಿದಳು: “ಕಾಕಾ, ಅವ್ವ ಅಂದ್ರ ಹೊಂದಂಗಿಲ್ಲೇನು? ಲವ್ವು, ಅವ್ವ.”

“ಲೂಜ್ ಆಗ್ತೈತಿ ಯವ್ವಾ. ಬಗಲಾಗ ಜೋಲ್ತೈತಿ.”

“ನನಗಂತೂ ಎದಿ ಢವ್ ಢವ್ ಅನ್ನಾಕತ್ತೈತಿ ಹೇಮಣ್ಣ,” ಎಂದಳು ಮಂಗಳವ್ವ.

ಹೇಮಪ್ಪ ಕಟ್ಟೆಯನ್ನು ಗುದ್ದಿದ. “ಸಿಕ್ತು!” ನಿಂತಲ್ಲೇ ಕತ್ತರಿಸಿ ಹೊಲಿದ:

“ಅವರ ಮಾರಿ ನೋಡಿದ ಕೂಡ್ಲೆ ಎದಿ ಅಂತು ಢವ್,
ಆವಾಗ ತಿಳೀತು ನನಗ ಇದಕ್ಕ ಅಂತಾರ ಲವ್.”

ಮದುವೆಗೆ ಮೊದಲೇ ಹುಡುಗಿಯ ಬಾಯಲ್ಲಿ ವರನ ಹೆಸರು ಬರಬಾರದು. ಆದ್ದರಿಂದ ರೂಢಿಯಂತೆ ಹೆಸರಿನ ಜಾಗದಲ್ಲಿ ‘ಅವರ’ ಇಟ್ಟು ಕಲಿಸಿದ. ಚೌಡವ್ವ ನೀರು ಸೇದುವಾಗ, ರೊಟ್ಟಿ ಬಡಿಯುವಾಗ ಅದನ್ನೇ ಅಂದಳು. ಮೆಣಸಿನಕಾಯಿಯ ಘಾಟಿಗೆ ಸೀನುತ್ತಲೂ ಅಂದಳು. ಫಿಟಿಂಗಿನ ಹಿಗ್ಗಿನಲ್ಲಿ ಹೇಮಪ್ಪ ಊರೆಲ್ಲ ಹೇಳಿ ಬಂದ.

ಮದುವೆ ರಾಣೆಬೆನ್ನೂರಿನಲ್ಲಿ, ಗಂಡಿನ ಮನೆಯ ಮುಂದೆ. ಹೇಮಪ್ಪನ ಜೊತೆ ನಾನೂ ಹೋಗಿದ್ದೆ. ಅಕ್ಷತೆಯಾಯಿತು. ಹೊಸ್ತಿಲ ಮುಂದೆ ಮದುಮಕ್ಕಳು, ಬಾಗಿಲಿಗೆ ಅಡ್ಡ ಗದಿಗೆವ್ವನ ಕೈ. ಹೇಮಪ್ಪ ಮಂದಿಯನ್ನು ಸರಿಸಿ ಮುಂದೆ ನಿಂತ. ಚೌಡವ್ವ ತಲೆ ತಗ್ಗಿಸಿ ಒಂದೇ ಉಸಿರಿಗೆ ಹೇಳಿದಳು. ಅಳುಕಲಿಲ್ಲ, ಕಲಿತದ್ದು ಕಲಿತ ಹಾಗೇ ಬಂತು. ಚಪ್ಪಾಳೆ ಬಿತ್ತು. ಹೇಮಪ್ಪ ಸುತ್ತಲೂ ನೋಡಿ ಕೈ ಮುಗಿದ.

ಗದಿಗೆವ್ವನ ಕೈ ಇಳಿಯಲಿಲ್ಲ.

“ಢವ್ ಬಂತು, ಲವ್ ಬಂತು. ಗಂಡ ಎಲ್ಲಿ ಬಂದ? ‘ಅವರ’ ಅಂದ್ರ ಯಾರವಾ? ಚಪ್ಪರದಾಗ ‘ಅವರು’ ನೂರು ಮಂದಿ ಕುಂತಾರ!”

ಮುಗಿದ ಕೈ ಮುಗಿದಂತೆಯೇ ಹೇಮಪ್ಪ ಕೂಗಿದ: “ಆ ಜಾಗಾದಾಗ ಹೆಸರು ಇಟ್ಕೊ ಯವ್ವಾ! ಅಷ್ಟ!”

“ಆಡಿದ ಒಡಪು ಎಂಜಲಾತು. ಬ್ಯಾರೆ ಹೇಳಲಿ. ಲವ್ ಇರಲಿಕ್ಕ ಬೇಕು.”

ಹಿಂದಿನಿಂದ ಯಾರೋ ಕಿಸಕ್ಕೆಂದರು. “ಹೆಸರಿಲ್ಲದ ಸೊಸಿ!” ಅಗಡಿಯ ‘ಬದನಿಕಾಯಿ’ಯೂ ಹೀಗೆಯೇ ಶುರುವಾಗಿದ್ದು. ಹೇಮಪ್ಪ ತುಟಿ ಅಲ್ಲಾಡಿಸುತ್ತ ಹುಡುಕುತ್ತಿದ್ದ, ಗ್ಲವ್ವೊಂದೇ ಸಿಕ್ಕಿರಬೇಕು.

ಚೌಡವ್ವ ತಿರುಗಿ ನೋಡಿದಳು. ಮಂಗಳವ್ವ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಒಳಗೆ ಅತ್ತೆ ಆರತಿ ತಟ್ಟೆಯ ದೀಪಕ್ಕೆ ಕೈ ಮರೆ ಮಾಡಿಕೊಂಡಿದ್ದಳು. ಹುಡುಗಿ ಈ ಸಲ ತಲೆ ತಗ್ಗಿಸಲಿಲ್ಲ.

“ಒಳಗೊಬ್ಬಾಕಿ ಅವ್ವ, ಹೊರಗೊಬ್ಬಾಕಿ ಅವ್ವ,
ನಡುವ ನಿಂತ ಮಾಲತೇಶಪ್ಪನ ಮ್ಯಾಲೆ ನನ್ನ ಲವ್ವ.”

ಒಳಗಿನ ಅವ್ವನ ದನಿ ಕೇಳಿತು: “ಅಕೀನ್ನ ಒಳಗ ಬಿಡ ಗದಿಗಿ! ದೀಪಾ ಆರಾಕತ್ತೈತಿ.”

ಗದಿಗೆವ್ವ ನಗುತ್ತ ಕೈ ತೆಗೆದಳು. ಬಿ.ಎ. ಓದಿದ ಮಾಲತೇಶಪ್ಪ ಕಿವಿಯವರೆಗೆ ಕೆಂಪಾಗಿ, ಮದುಮಗಳಿಗಿಂತ ಮೊದಲು ತಾನೇ ಹೊಸ್ತಿಲು ದಾಟಲು ಹೋಗಿ ಬೈಸಿಕೊಂಡ.

ಬಸ್ಸಿನಲ್ಲಿ ಮರಳುವಾಗ ಹೇಮಪ್ಪ ಮೋಟೆಬೆನ್ನೂರಿನ ತನಕ ಟೇಪನ್ನು ಸುತ್ತುತ್ತ, ಬಿಚ್ಚುತ್ತ ಕೂತಿದ್ದ. ನಾನೇ ಕೆಣಕಿದೆ: “ಎರಡನೇದು ಸ್ವಲ್ಪ ಲೂಜ್ ಆತಲ್ಲ, ಹೇಮಪ್ಪ?”

“ಲೂಜ್ ಅಲ್ರಿ. ಅದಕ್ಕ ಮಾರ್ಜಿನ್ ಅಂತಾರ.” ಕಿಟಕಿಯಾಚೆ ನೋಡುತ್ತ ಹೇಳಿದ. “ಹೆಣ್ಣಮಕ್ಕಳ ಜಂಪರಿನ ಹೊಲಿಗಿಯೊಳಗ ನಾ ಯಾವಾಗ್ಲೂ ಒಂದೀಟು ಹೆಚ್ಚಿನ ಅರಬಿ ಬಿಟ್ಟಿರ್ತೇನಿ. ಬೇಕಾದಾಗ ಹೊಲಿಗಿ ಬಿಚ್ಚಿ ಸಡ್ಲ ಮಾಡ್ಕೋತಾರ.”

ಆ ಮೇಲೆ ಒಡಪಿಗೆಂದು ಬಂದ ಹುಡುಗಿಯರನ್ನು ಹೇಮಪ್ಪ ಮೊದಲು ಒಂದು ಮಾತು ಕೇಳುತ್ತಿದ್ದ: “ನಿನ್ನ ತಲ್ಯಾಗ ಏನರ ಐತೇನವಾ?” ಇದ್ದದ್ದು ಚೆನ್ನಾಗಿದ್ದರೆ, ಅದು ಸಂಜೆಯ ಹೊತ್ತಿಗೆ ಚಹದಂಗಡಿಯಲ್ಲಿ ಹೇಮಪ್ಪನದೇ ಆಗಿರುತ್ತಿತ್ತು.