ತಣ್ಣಗಿದ್ದ ಇಸ್ತ್ರಿಪೆಟ್ಟಿಗೆಗಳು

ಕಟ್ಟಡವನ್ನು ತಂಪಾಗಿಡಲು ಎಷ್ಟು ವಿದ್ಯುತ್ ಬೇಕೆಂದು ಲೆಕ್ಕ ಹಾಕಿಕೊಡುವುದು ನನ್ನ ಕಸುಬು. ಗೋಡೆಯ ದಪ್ಪ, ಕಿಟಕಿಯ ದಿಕ್ಕು, ಒಳಗಿರುವ ಜನ, ಯಂತ್ರ ಎಲ್ಲವನ್ನೂ ಕಂಪ್ಯೂಟರಿಗೆ ತುಂಬಿದರೆ ಅದು ವರ್ಷದ ಪ್ರತಿ ಗಂಟೆಯ ಸೆಕೆಯನ್ನೂ ಹೇಳುತ್ತದೆ. ಮೈಸೂರಿಗೆ ಇದೆಲ್ಲ ಯಾಕೆ, ನಮ್ಮೂರು ತಂಪಲ್ಲವೇ ಎನ್ನುವವರನ್ನು ಕಂಡರೆ ನನಗೆ ಸಿಟ್ಟು. ಅವರು ಏಪ್ರಿಲ್ ಮಧ್ಯಾಹ್ನ ಮನೆಯಿಂದ ಹೊರಬಿದ್ದವರೇ ಅಲ್ಲ.

ಒಂಟಿಕೊಪ್ಪಲಿನಲ್ಲಿ ಶಾಲೆಯ ಸಮವಸ್ತ್ರ ಹೊಲಿಯುವ ಒಂದು ಹಾಲ್ ಇದೆ. ಅಲ್ಲಿನ ಹನ್ನೊಂದು ಹೆಂಗಸರು ಸೆಕೆ ತಡೆಯಲಾಗದೆ ಎ.ಸಿ. ಹಾಕಿಸಿ ಎಂದು ಕೇಳಿದ್ದರು. ಲೆಕ್ಕ ಹೇಳಿದಂತೆ ಮಾಡೋಣ ಎಂದು ಮಾಲೀಕರು ನನ್ನನ್ನು ಕರೆಸಿದರು. ಮೊದಲೇ ತಿಳಿಸಿ ಹೋದೆ. ಹೆಂಗಸರು ಕುರ್ಚಿ ಒರೆಸಿ ಕೂರಿಸಿದರು, ಮಜ್ಜಿಗೆ ಕೊಟ್ಟರು, ಟೇಬಲ್ ಫ್ಯಾನನ್ನು ನನ್ನತ್ತ ತಿರುಗಿಸಿದರು. ಹೊಲಿಗೆ ಯಂತ್ರಗಳನ್ನು ಎಣಿಸಿದೆ. ಮೂಲೆಯಲ್ಲಿ ತಣ್ಣಗೆ ಕೂತಿದ್ದ ಮೂರು ಇಸ್ತ್ರಿಪೆಟ್ಟಿಗೆಗಳನ್ನು ಆಗೊಮ್ಮೆ ಈಗೊಮ್ಮೆ ಬಳಸುವಂಥವು ಎಂದು ಬರೆದುಕೊಂಡೆ. ಯಾರನ್ನೂ ಕೇಳಲಿಲ್ಲ.

ಎ.ಸಿ. ಬೇಕಿಲ್ಲ, ಗಾಳಿ ಹೊರದಬ್ಬುವ ಎರಡು ಫ್ಯಾನ್ ಸಾಕು ಎಂದು ವರದಿ ಕೊಟ್ಟೆ. ಮಾಲೀಕರಿಗೆ ಖುಷಿಯಾಯಿತು. ನನಗೂ ಆಯಿತು.

ಮರುದಿನ, ಅಲ್ಲೇ ಮರೆತಿದ್ದ ಅಳತೆ ಟೇಪ್ ತರಲು ಹೇಳದೆ ಕೇಳದೆ ಹೋದೆ. ಬಾಗಿಲಲ್ಲೇ ಬಿಸಿಗಾಳಿ ಮುಖಕ್ಕೆ ಬಡಿಯಿತು. ಮೂರೂ ಇಸ್ತ್ರಿಪೆಟ್ಟಿಗೆ ಉರಿಯುತ್ತಿದ್ದವು. ಇಸ್ತ್ರಿ ಮಾಡುತ್ತಿದ್ದವರು ಕತ್ತಿಗೆ ಒದ್ದೆ ಟವೆಲ್ ಸುತ್ತಿಕೊಂಡಿದ್ದರು. ಇವು ದಿನವಿಡೀ ಹೀಗೇ ಇರುತ್ತವೆಯೇ ಎಂದು ಕೇಳಿದೆ. ಅವರಲ್ಲಿ ಹಿರಿಯರು ಹೌದೆಂದರು.

"ಮತ್ತೆ ನಾನು ಬಂದ ದಿನ?"

"ನೀವ್ ಬತ್ತೀರಾ ಅಂತ ಆರಿಸ್ಬುಟ್ಟಿದ್ವಿ ಕಣಮ್ಮ. ಈ ಸೆಕೇಲಿ ನೀವೆಂಗೆ ಕೂತ್ಕೊಂಡೀರಿ?"

ಮನೆಗೆ ಬಂದು ಇಸ್ತ್ರಿಯ ಶಾಖ ಸೇರಿಸಿ ಮತ್ತೆ ಲೆಕ್ಕ ಹಾಕಿದೆ. ಎ.ಸಿ. ಬೇಕೇ ಬೇಕಿತ್ತು. ನಾನೋ, ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರ ಪೈಕಿ. ಇನ್ನೊಮ್ಮೆ ನೋಡೋಣ, ನಾಳೆ ಹೇಳೋಣ ಎಂದುಕೊಂಡೇ ನಾಲ್ಕು ದಿನ ಕಳೆದೆ. ಐದನೆಯ ದಿನ ಮಾಲೀಕರಿಗೆ ಫೋನ್ ಮಾಡಿ, ನನ್ನ ಲೆಕ್ಕ ತಪ್ಪಾಗಿತ್ತು ಎಂದೆ. ಅವರು ಬೈಯಲಿಲ್ಲ. ಮುಂದಿನ ವಾರ ಎ.ಸಿ. ಬಂತು.

ನಾಚಿಕೆ ಲೆಕ್ಕ ತಪ್ಪಿದ್ದಕ್ಕಲ್ಲ. ನನಗೆ ಅರ್ಧ ಗಂಟೆಯ ಸೆಕೆಯೂ ತಾಗಬಾರದೆಂದು ಅವರು ಕೆಲಸ ನಿಲ್ಲಿಸಿದ್ದರು. ನಾನು ಮಾತ್ರ, ನನ್ನ ಮರ್ಯಾದೆ ಉಳಿಯಲೆಂದು, ಅವರನ್ನು ನಾಲ್ಕು ದಿನ ಹೆಚ್ಚಿಗೆ ಬೇಯಿಸಿದೆ.